ಲಾಕ್

ನದಿ ಸಾರಿಗೆಯಲ್ಲಿ ‘ಲಾಕ್’ ಎಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ಕೋಣೆ. ಹಳೆಯ ಇಂಗ್ಲಿಷಿನ ‘ಲೊಕ್’ ಪದಕ್ಕೆ ಅಗುಳಿ, ಆವರಣ ಎರಡೂ ಅರ್ಥಗಳಿದ್ದವು. ಫ್ರೆಂಚಿನ ‘ಎಕ್ಲೂಸ್’, ಜರ್ಮನ್ನಿನ ‘ಶ್ಲಾಯ್ಸೆ’ ಬೇರೆ ಕುಲದವು. ಅವುಗಳ ಮೂಲ, ಹೊರಗೆ ತಡೆದದ್ದು ಎಂಬರ್ಥದ ಲ್ಯಾಟಿನ್ ಪದ. ಕನ್ನಡದಲ್ಲಿ ‘ನೀರ್ಗೋಣೆ’ ಎಂದರೆ ಚೆನ್ನ ಎಂದು ನನಗನಿಸುತ್ತದೆ.

ಅಮೆರಿಕದ ಮೇಲ್ ಮಿಸಿಸಿಪ್ಪಿ ನದಿಯಲ್ಲಿ ‘ಲಾಕ್’ ಪದ ‘ಲಾಕ್ ಅಂಡ್ ಡ್ಯಾಮ್’ ಎಂಬ ಜೋಡಿಯಾಗಿ, ಬೆನ್ನಿಗೊಂದು ಸಂಖ್ಯೆ ಹೊತ್ತು ಬರುತ್ತದೆ. ಜೋಡಿಗೆ ಕಾರಣವಿದೆ: ಅಣೆಕಟ್ಟು ಹಡಗುದಾರಿಗೆ ಬೇಕಾದ 9 ಅಡಿ ಆಳ ಉಳಿಸುತ್ತದೆ, ಅದರಿಂದಾದ ನೀರಿನ ಮಟ್ಟದ ವ್ಯತ್ಯಾಸವನ್ನು ಲಾಕ್ ಹಡಗುಗಳಿಗೆ ದಾಟಿಸುತ್ತದೆ, ಅದೂ ಪಂಪಿನ ಹಂಗಿಲ್ಲದೆ. ಇಲಿನಾಯ್‌ನ ಆಲ್ಟನ್ ಬಳಿಯ ಮೆಲ್ವಿನ್ ಪ್ರೈಸ್ ಲಾಕ್‌ನ ಮುಖ್ಯ ಕೋಣೆ 1,200 ಅಡಿ ಉದ್ದ. 15 ಬಾರ್ಜ್‌ಗಳ ತಂಡ ಒಮ್ಮೆಗೇ ಹಿಡಿಸುತ್ತದೆ. 600 ಅಡಿಯ ಹಳೆಯ ಕೋಣೆಗಳಲ್ಲಾದರೆ ತಂಡವನ್ನು ಬಿಡಿಸಿ ಎರಡು ಸರದಿಯಲ್ಲಿ ದಾಟಿಸಬೇಕು.