ಮನೆಯ ಪಾಯಖಾನೆಯ ಇತಿಹಾಸ: ಅಹಮದಾಬಾದು, ವಡೋದರಾ, ಸೂರತ್

ಪಟ್ಟಣಗಳ ಇತಿಹಾಸವನ್ನು ಬರೆದವರು ಕೋಟೆ ಕೊತ್ತಲಗಳನ್ನೂ ದೇಗುಲ ಮಸೀದಿಗಳನ್ನೂ ಅರಮನೆ ಪೇಟೆಗಳನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಆ ಪಟ್ಟಣಗಳ ನಿವಾಸಿಗಳು ನಿತ್ಯವೂ ತಪ್ಪದೆ ಹೋಗಬೇಕಾಗಿದ್ದ ಒಂದು ಸ್ಥಳದ ವಿಷಯದಲ್ಲಿ ಮಾತ್ರ ಅವರ ಲೇಖನಿ ಸಂಕೋಚ ತಾಳಿದೆ. ಸಂಕೋಚಕ್ಕೆ ಕಾರಣವಿಲ್ಲದೆ ಇಲ್ಲ. ಆದರೂ ಮನೆಯೊಡೆಯನೊಬ್ಬನು ಹಳೆಯ ಪಾಯಖಾನೆಯನ್ನು ಕಿತ್ತು ಹೊಸದನ್ನು ಕೂಡಿಸಿದಾಗ ಬದಲಾಗುವುದು ಅವನ ಮನೆಯ ಅನುಕೂಲವೊಂದೇ ಅಲ್ಲ. ಬೀದಿಯ ಇನ್ನೊಂದು ತುದಿಯಲ್ಲಿ ಬಾಳುವ ಮತ್ತೊಬ್ಬನ ಕಸುಬೂ ಬದಲಾಗುತ್ತದೆ. ಗುಜರಾತಿನ ಮೂರು ನಗರಗಳಲ್ಲಿ ಈ ಬದಲಾವಣೆ ನಡೆದುಬಂದ ಬಗೆಯನ್ನೂ ಅದಕ್ಕೂ ಕರ್ನಾಟಕಕ್ಕೂ ಇರುವ ಸಂಬಂಧವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳನ್ನು ನೋಡಬಹುದು. ಗುಜರಾತಿಯಲ್ಲಿ ಪಾಯಖಾನೆಗೆ 'ಜಾಜರೂ' ಎಂಬ ಹೆಸರುಂಟು. ಇದು 'ಅವಶ್ಯವಾದ ಸ್ಥಳ' ಎಂಬರ್ಥದ ಪಾರಸಿ ನುಡಿಗಟ್ಟಿನಿಂದ ಬಂದುದು. 'ಸಂಡಾಸ' ಎಂಬುದು ಮರಾಠಿ ಗುಜರಾತಿಗಳಿಗೂ ಧಾರವಾಡ ಬೆಳಗಾವಿಗಳ ಕನ್ನಡಕ್ಕೂ ಸಮಾನವಾದ ಪದ. 'ಪಾಯಖಾನೆ' ಪಾರಸಿಯದು, 'ಕಕ್ಕಸು' ಡಚ್ಚರಿಂದ ಬಂದಿತೆಂದು ಊಹಿಸುವವರುಂಟು. ಕನ್ನಡದ ಹಳೆಯ ಬಳಕೆಯಾದರೋ 'ಬಹಿರ್ದೆಸೆ', 'ಬಯಲಕಡೆ', 'ಹೊರಕಡೆ' ಎಂಬುವು. ಈ ಮಾತುಗಳೆಲ್ಲ ಮನೆಯಿಂದ ಆಚೆಗೆ ಬೆರಳು ತೋರುತ್ತವೆ. ಮಲವಿಸರ್ಜನೆಗೆ ಮನೆಯೊಳಗೆ ಎಡೆ ಇರಲಿಲ್ಲವೆಂಬುದನ್ನು ಭಾಷೆಯೇ ಹೇಳುತ್ತಿದೆ. ಹೊಲ ತೋಟ ಕೆರೆಯಂಗಳಗಳಿದ್ದ ಹಳ್ಳಿಗೆ ಇದು ಸಾಗುತ್ತಿತ್ತು. ಗೋಡೆಗೆ ಗೋಡೆ ತಾಗಿದ ಪಟ್ಟಣದಲ್ಲಿ 'ಹೊರಗೆ' ಎಂಬುದು ಇಲ್ಲವಾದಾಗ ಸಮಸ್ಯೆ ಹುಟ್ಟಿತು.

ಈ ಸಮಸ್ಯೆಗೆ ಗುಜರಾತಿನ ನೆಲದಲ್ಲಿಯೇ ಅತಿ ಪ್ರಾಚೀನವಾದ ಒಂದು ಉತ್ತರ ದೊರಕಿತ್ತು. ಅಹಮದಾಬಾದಿಗೆ ನೈರುತ್ಯದಲ್ಲಿ ಸುಮಾರು ೮೦ ಕಿಲೋಮೀಟರ್ ದೂರದ ಲೋಥಲ್ ಎಂಬಲ್ಲಿ ೧೯೫೫ರಿಂದ ಭಾರತೀಯ ಪುರಾತತ್ತ್ವ ಇಲಾಖೆ ನಡೆಸಿದ ಉತ್ಖನನ ಹರಪ್ಪಾ ನಾಗರಿಕತೆಯ ಪಟ್ಟಣವೊಂದನ್ನು ಬೆಳಕಿಗೆ ತಂದಿತು. ಉತ್ಖನನವನ್ನು ನಡೆಸಿದವರು ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಜನಿಸಿ, ಮೈಸೂರಿನಲ್ಲಿ ಓದಿ, ಮೊದಲು ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಶಿಕಾರಿಪುರ ರಂಗನಾಥರಾಯರು. ಅಲ್ಲಿಯ ಹಡಗುಕಟ್ಟೆಯ ವಿಷಯ ಲೋಕಪ್ರಸಿದ್ಧವಾಗಿದೆ. ಅದರಷ್ಟೇ ಗಮನಾರ್ಹವಾದುವು ಅಲ್ಲಿನ ಸುಟ್ಟಿಟ್ಟಿಗೆಯ ಬಚ್ಚಲುಗಳು, ಬೀದಿಯ ಚರಂಡಿಗೆ ಕೂಡುವ ಮನೆಗಾಲುವೆಗಳು, ಕೊಳೆನೀರನ್ನು ಇಂಗಿಸುವುದಕ್ಕೆಂದು ನೆಲದಲ್ಲಿ ಹೂತ ಜಾಡಿಗಳು. ಮನೆಯ ಕೊಳೆಗೂ ಊರಿನ ಕಾಲುವೆಗೂ ಸಂಬಂಧ ಕಲ್ಪಿಸುವ ವಿವೇಕ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇತ್ತೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಆ ವಿದ್ಯೆ ಪರಂಪರೆಯಾಗಿ ಉಳಿದುಬರಲಿಲ್ಲ.

೧೪೧೧ರಲ್ಲಿ ಸ್ಥಾಪಿತವಾದ ಅಹಮದಾಬಾದಿನಲ್ಲಿ ಜನವಸತಿ 'ಪೋಳ್' ಎಂಬ ಕೇರಿಗಳಲ್ಲಿ ಬೆಳೆಯಿತು. ಒಂದೇ ಹೆಬ್ಬಾಗಿಲು, ಇಕ್ಕಟ್ಟಾದ ಓಣಿ, ಕೆತ್ತನೆಯ ಮರದ ಮನೆಗಳು: ಪೋಳಿನ ಈ ಸೊಬಗಿನಿಂದಾಗಿಯೇ ೨೦೧೭ರಲ್ಲಿ ಯುನೆಸ್ಕೋ ಸಂಸ್ಥೆ ಹಳೆಯ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನೆಗಳ ಅಂಗಳದಡಿಯಲ್ಲಿ ಮಳೆನೀರನ್ನು ಹಿಡಿದಿಡುವ 'ಟಾಂಕಾ' ಇರುತ್ತಿತ್ತು. ಕೊಳೆನೀರಿಗಾಗಿ 'ಖಾಳಕೂವಾ' ಎಂಬ ಗುಂಡಿಯೂ ಇರುತ್ತಿತ್ತು. ಕುಡಿಯುವ ನೀರಿಗೂ ಕೊಳೆಗೂ ನಡುವೆ ಕೆಲವೇ ಮೊಳಗಳ ಮಣ್ಣು. ಪಾಯಖಾನೆಯೋ ಒಣ ಪಾಯಖಾನೆ. ಕೆಳಗಿಟ್ಟ ಡಬ್ಬಿ ಅಥವಾ ಬುಟ್ಟಿಯನ್ನು ಹೊರಗಿನ ಸಣ್ಣ ಕಂಡಿಯಿಂದ ಎಳೆದು, ತುಂಬಿಕೊಂಡು, ತಲೆಯ ಮೇಲೆ ಹೊತ್ತು ಒಯ್ಯಲು ಒಂದು ಜಾತಿಯೇ ನಿಯುಕ್ತವಾಗಿತ್ತು. ಮನೆಯವರಿಗೆ ಕಾಣದಂತೆ ಬಂದು ಹೋಗುವ ಮನುಷ್ಯನಿಗಾಗಿ ಕಟ್ಟಡದಲ್ಲಿಯೇ ಬೇರೊಂದು ದ್ವಾರವನ್ನಿಟ್ಟ ಈ ವಾಸ್ತು ಅಂದಿನ ಸಮಾಜದ ನಕ್ಷೆಯೇ ಆಗಿತ್ತೆನ್ನಬಹುದು.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಕೊಟ್ಟವರು ರಣಛೋಡಲಾಲ್ ಛೋಟಾಲಾಲ್ (೧೮೨೩-೧೮೯೮). ೧೮೬೧ರಲ್ಲಿ ಅಹಮದಾಬಾದಿನ ಪ್ರಥಮ ಬಟ್ಟೆಗಿರಣಿಯನ್ನು ನಡೆಸತೊಡಗಿದ ಈ ನಾಗರ ಬ್ರಾಹ್ಮಣರು ಪುರಸಭೆಯ ಅಧ್ಯಕ್ಷತೆ ವಹಿಸಿದ ಮೊದಲ ಭಾರತೀಯರೂ ಹೌದು. ಕೊಳವೆ ನೀರು ಮತ್ತು ಒಳಚರಂಡಿ ಇವೆರಡೂ ಆಗಲೇಬೇಕೆಂದು ಅವರು ಹಟ ತೊಟ್ಟರು. ನಗರವಾಸಿಗಳಿಂದ ತೀವ್ರವಾದ ವಿರೋಧ ಬಂದಿತು. ತೆರಿಗೆಯ ಭಯ ಒಂದು ಕಡೆ, ಮಡಿಯ ಶಂಕೆ ಮತ್ತೊಂದು ಕಡೆ. ಆದರೂ ೧೮೯೧ರಲ್ಲಿ ದೂಧೇಶ್ವರದ ಜಲಾಗಾರ ಕಾರ್ಯಾರಂಭ ಮಾಡಿತು. ಅದೇ ದಶಕದಲ್ಲಿ ಒಳಚರಂಡಿಯೂ ಹಂತಹಂತವಾಗಿ ನೆಲದಡಿ ಇಳಿಯಿತು. ನೀರಿಲ್ಲದೆ ಚರಂಡಿ ಹರಿಯದು, ಚರಂಡಿಯಿಲ್ಲದೆ ಡಬ್ಬಿ ತಪ್ಪದು. ಎರಡನ್ನೂ ಜೊತೆಯಾಗಿ ಕೇಳಿದ್ದೇ ಅವರ ದೂರದೃಷ್ಟಿ.

ವಡೋದರೆಯಲ್ಲಿ ಈ ಕಾರ್ಯವನ್ನು ಪ್ರಭುತ್ವವೇ ಕೈಕೊಂಡಿತು. ಮೂರನೆಯ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ ಆಜ್ವಾ ಎಂಬಲ್ಲಿ ಜಲಾಶಯ ನಿರ್ಮಾಣವಾಗಿ, ೧೮೯೦ರ ದಶಕದ ಆದಿಭಾಗದಲ್ಲಿ ಅದರ ನೀರು ಇಳಿಜಾರಿನ ಬಲದಿಂದಲೇ ನಗರಕ್ಕೆ ಹರಿಯತೊಡಗಿತು. ನೀರು ಬಂದ ಮಾತ್ರಕ್ಕೆ ಮನಸ್ಸು ತೊಳೆಯಲಿಲ್ಲ. ೧೯೧೭ರಲ್ಲಿ ಸಂಸ್ಥಾನದ ಸೇವೆಗೆ ಬಂದ ಡಾ. ಅಂಬೇಡ್ಕರರಿಗೆ ಅದೇ ನಗರದಲ್ಲಿ ವಾಸಕ್ಕೊಂದು ಮನೆ ದೊರಕದೆ ಹಿಂದಿರುಗಬೇಕಾಯಿತೆಂಬುದು ಸುವಿದಿತ. ಕೊಳಾಯಿ ದಾಟಿದ ಓಣಿಯನ್ನು ಮನುಷ್ಯ ದಾಟಲಾರದೆ ಹೋದನು.

ಇದೇ ಕಾಲದಲ್ಲಿ ಗಾಂಧೀಜಿ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದರು. ೧೮೯೬ರಲ್ಲಿ ಪ್ಲೇಗಿನ ಭೀತಿಯಿದ್ದಾಗ ರಾಜಕೋಟೆಯ ಮನೆಗಳ ಪಾಯಖಾನೆಗಳನ್ನು ಅವರು ಪರೀಕ್ಷಿಸಿದ್ದರು. ಶ್ರೀಮಂತರ ಮನೆಗಳಲ್ಲಿ ಕತ್ತಲೆ ದುರ್ಗಂಧಗಳನ್ನೂ, ಅಸ್ಪೃಶ್ಯರೆನಿಸಿದವರ ಕೇರಿಯಲ್ಲಿ ಚೊಕ್ಕಟವನ್ನೂ ಕಂಡುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ೧೯೧೫ರಲ್ಲಿ ಕೋಚರಬಿನಲ್ಲಿ ಆರಂಭವಾಗಿ ೧೯೧೭ರಲ್ಲಿ ಸಾಬರಮತಿಯ ದಡಕ್ಕೆ ಬಂದ ಆಶ್ರಮದಲ್ಲಿ ಪಾಯಖಾನೆಯ ಶುಚಿತ್ವ ಆಶ್ರಮವಾಸಿಗಳ ಸ್ವಂತ ಕರ್ತವ್ಯವಾಯಿತು. ೧೯೧೭ರಲ್ಲಿಯೇ ಪುರಸಭೆಗೆ ಆರಿಸಿಬಂದ ವಲ್ಲಭಭಾಯಿ ಪಟೇಲರು ಅಲ್ಲಿನ ನೈರ್ಮಲ್ಯ ಸಮಿತಿಯ ಅಧ್ಯಕ್ಷರಾದರು. ೧೯೨೪ರಿಂದ ೧೯೨೮ರವರೆಗೆ ಪುರಸಭೆಯ ಅಧ್ಯಕ್ಷರಾಗಿದ್ದರು.

ಸಾಬರಮತಿಯ ಈ ಪಾಠ ಕರ್ನಾಟಕವನ್ನು ತಲಪಿದ ಬಗೆ ಸ್ಮರಣೀಯ. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿಯೂ ವಡೋದರೆಯ ಗಂಗನಾಥ ವಿದ್ಯಾಲಯದಲ್ಲಿಯೂ ಅಧ್ಯಾಪಕರಾಗಿದ್ದು ಬಳಿಕ ಆಶ್ರಮವನ್ನು ಸೇರಿದ ಕಾಕಾ ಕಾಲೇಲಕರರು ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮಲ ತೆಗೆಯುವ ಸ್ವಯಂಸೇವಕರ ದಳಕ್ಕೆ ನಾಯಕರಾದರು. ಆ ದಳದಲ್ಲಿ ಬ್ರಾಹ್ಮಣ ಯುವಕರು ಬಹುಸಂಖ್ಯೆಯಲ್ಲಿದ್ದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನದಲ್ಲಿ ಕನ್ನಡನಾಡಿನ ಜನ ಈ ದೃಶ್ಯವನ್ನು ಕಂಡರು. ತರುವಾಯ ೧೯೩೦ರ ದಂಡಿಯಾತ್ರೆಯಲ್ಲಿ ಕರ್ನಾಟಕದಿಂದ ಪಾಲ್ಗೊಂಡ ಏಕಮಾತ್ರ ಸತ್ಯಾಗ್ರಹಿ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದೇ ಆಶ್ರಮದ ಶಿಸ್ತಿನಲ್ಲಿ ಪಳಗಿದವರು. ೧೯೪೩ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಆ ಹುತಾತ್ಮರ ಸ್ಮರಣೆಯಲ್ಲಿ ಉಪ್ಪಿನ ಕಥೆಯೊಡನೆ ಪೊರಕೆಯ ಕಥೆಯನ್ನೂ ಸೇರಿಸುವುದು ಉಚಿತ.

ಆದರೆ ಸ್ವಯಂಸೇವೆಯಿಂದ ಅಧಿವೇಶನವೊಂದು ನಡೆಯಬಹುದು, ನಗರ ನಡೆಯದು. ಇದು ಸ್ವಾತಂತ್ರ್ಯಾನಂತರ ಸ್ಪಷ್ಟವಾಯಿತು. ೧೯೪೯ರಲ್ಲಿ ಮುಂಬಯಿ ಸರ್ಕಾರ ವಿ. ಎನ್. ಬರ್ವೆಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ಮಲ ಹೊರುವವರ ಸ್ಥಿತಿಗತಿಯನ್ನು ವಿಚಾರಿಸಿ ೧೯೫೨ರಲ್ಲಿ ವರದಿ ಒಪ್ಪಿಸಿತು. ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಅಹಮದಾಬಾದು, ಸೂರತ್, ಆಗಷ್ಟೇ ವಿಲೀನವಾದ ಬರೋಡಾ ಇವುಗಳೊಡನೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಸೇರಿದ್ದುವು. ೧೯೫೭ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರಾದ ಪ್ರೊ. ಎನ್. ಆರ್. ಮಲಕಾನಿಯವರು ಹಿಂದೆ ಅಹಮದಾಬಾದಿನ ಗುಜರಾತ್ ವಿದ್ಯಾಪೀಠದಲ್ಲಿದ್ದವರು. ಇಂಥ ವಿಚಾರಣೆಗಳಿಂದ ಹೊರಬಿದ್ದ ಒಂದು ಸಂಗತಿ ಚಿಂತನಾರ್ಹ. ಇಂತಿಂಥ ಮನೆಗಳ ಮಲವನ್ನು ತೆಗೆಯುವುದು ಇಂತಿಂಥ ಕುಟುಂಬದ ಹಕ್ಕು ಎಂಬ ರೂಢಿ ಅನೇಕ ಊರುಗಳಲ್ಲಿತ್ತು. ಆ ಹಕ್ಕು ವಂಶಪಾರಂಪರ್ಯವಾಗಿ ಇಳಿದುಬರುತ್ತಿತ್ತು. ದಾಸ್ಯವೇ ಆಸ್ತಿಯಾದಾಗ ಅದನ್ನು ಬಿಡಿಸುವುದು ದುಪ್ಪಟ್ಟು ಕಷ್ಟ. ಆದ್ದರಿಂದ ಕಸುಬನ್ನು ತಪ್ಪಿಸಬೇಕಾದರೆ ಮನೆಯ ಪಾಯಖಾನೆಯ ರಚನೆಯನ್ನೇ ಬದಲಿಸಬೇಕೆಂಬ ನಿರ್ಣಯಕ್ಕೆ ಕಾರ್ಯಕರ್ತರು ಬಂದರು.

ಈ ನಿರ್ಣಯವನ್ನು ಆಚರಣೆಗೆ ತಂದವರಲ್ಲಿ ಅಗ್ರಗಣ್ಯರು ಈಶ್ವರಭಾಯಿ ಪಟೇಲರು. ಸಾಬರಮತಿಯ ಹರಿಜನ ಆಶ್ರಮದಲ್ಲಿ ೧೯೬೩ರಲ್ಲಿ ಸಫಾಯಿ ವಿದ್ಯಾಲಯ ಪ್ರಾರಂಭವಾಯಿತು. ೧೯೮೫ರಲ್ಲಿ ಅದರ ಮುಂದುವರಿಕೆಯಾಗಿ ಪರಿಸರ ನೈರ್ಮಲ್ಯ ಸಂಸ್ಥೆ ಹುಟ್ಟಿತು. ಒಣ ಪಾಯಖಾನೆಗಳನ್ನು ನೀರಿನ ತಡೆಯುಳ್ಳ ಪಾಯಖಾನೆಗಳಾಗಿ ಮಾರ್ಪಡಿಸುವುದು, ಅದಕ್ಕೆ ಬೇಕಾದ ಗಾರೆಯವರನ್ನೂ ಪುರಸಭೆಯ ನೌಕರರನ್ನೂ ತರಬೇತುಗೊಳಿಸುವುದು ಇಲ್ಲಿಯ ಕಾರ್ಯ. ೧೯೯೧ರಲ್ಲಿ ಪಟೇಲರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ೨೦೧೦ರಲ್ಲಿ ಅವರು ನಿಧನ ಹೊಂದಿದರು.

ಮಾರ್ಪಾಟಿನ ತಂತ್ರ ಸರಳವಾದುದು. ಕಡಿದಾದ ಇಳಿಜಾರಿನ ಬಟ್ಟಲು. ಅದರ ಕೆಳಗೆ ಬಾಗಿದ ಕೊಳವೆ. ಆ ಬಾಗಿನಲ್ಲಿ ಸದಾ ನಿಂತಿರುವ ಸುಮಾರು ೨೦ ಮಿಲಿಮೀಟರ್ ಆಳದ ನೀರು. ಈ ನೀರೇ ದುರ್ಗಂಧಕ್ಕೂ ನೊಣಕ್ಕೂ ತಡೆ. ಒಂದೂವರೆ ಎರಡು ಲೀಟರ್ ನೀರು ಸುರಿದರೆ ಬಟ್ಟಲು ಸ್ವಚ್ಛವಾಗುತ್ತದೆ. ಒಳಚರಂಡಿಯಿಲ್ಲದೆಡೆ ಕವಲು ಕೊಳವೆಯಿಂದ ಎರಡು ಇಂಗುಗುಂಡಿಗಳಿಗೆ ದಾರಿ ಮಾಡುತ್ತಾರೆ. ಒಂದು ತುಂಬಿದೊಡನೆ ಅದರ ದಾರಿಯನ್ನು ಮುಚ್ಚಿ ಮತ್ತೊಂದನ್ನು ತೆರೆಯಬೇಕು. ಮುಚ್ಚಿದ ಗುಂಡಿಯಲ್ಲಿ ಮಲ ಕಾಲಕ್ರಮದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಆಗ ಅದನ್ನು ತೆಗೆಯುವುದಕ್ಕೆ ಯಾವ ಜಾತಿಯ ಅಗತ್ಯವೂ ಇಲ್ಲ, ಮನೆಯೊಡೆಯನೇ ಸಾಕು. ಆದರೆ ಗುಂಡಿಯ ಗೋಡೆಗೆ ಗಾರೆ ಮೆತ್ತಿ ರಂಧ್ರಗಳನ್ನು ಮುಚ್ಚಿದರೆ, ಅಥವಾ ಎರಡು ಗುಂಡಿಗೂ ಒಮ್ಮೆಗೇ ದಾರಿ ಬಿಟ್ಟರೆ, ಹಸಿ ಮಲವನ್ನು ಎತ್ತುವ ಮನುಷ್ಯನನ್ನು ಮತ್ತೆ ಹುಡುಕಬೇಕಾಗುತ್ತದೆ. ಗಾರೆಯವನ ಕೈತಪ್ಪು ಇಲ್ಲಿ ಸಾಮಾಜಿಕ ಪರಿಣಾಮವನ್ನುಂಟುಮಾಡುತ್ತದೆ.

ಮನೆಯೊಡೆತನ ಸ್ಥಿರವಿಲ್ಲದವರ ಪಾಡೇನು? ಈ ಪ್ರಶ್ನೆಗೆ ೧೯೯೦ರ ದಶಕದಲ್ಲಿ ವಡೋದರೆ ಅಹಮದಾಬಾದುಗಳಲ್ಲಿ ಒಂದು ಉತ್ತರ ಪ್ರಯತ್ನಿತವಾಯಿತು. ಕೊಳಚೆ ಪ್ರದೇಶಗಳನ್ನು ನಗರದ ಒಳಚರಂಡಿ ಜಾಲಕ್ಕೆ ಜೋಡಿಸಿ ಮನೆಗೊಂದು ಪಾಯಖಾನೆ ಒದಗಿಸುವ ಯೋಜನೆಯನ್ನು ಎಂಜಿನಿಯರ್ ಹಿಮಾಂಶು ಪರೀಖರು ರೂಪಿಸಿದರು. ಅಹಮದಾಬಾದಿನಲ್ಲಿ 'ಪರಿವರ್ತನ' ಎಂಬ ಹೆಸರಿನಲ್ಲಿ ನಡೆದ ಯೋಜನೆಯಲ್ಲಿ ಪ್ರತಿ ಕುಟುಂಬವೂ ೨,೦೦೦ ರೂಪಾಯಿ ವಂತಿಗೆ ಕೊಡಬೇಕಾಗಿತ್ತು. ಹತ್ತು ವರ್ಷಗಳವರೆಗೆ ಎಬ್ಬಿಸುವುದಿಲ್ಲವೆಂದು ನಗರಸಭೆ ಭರವಸೆಯಿತ್ತಿತು. ಈ ಭರವಸೆಯೇ ಯೋಜನೆಯ ಅಡಿಗಲ್ಲು. ನಾಳೆ ಕೀಳಲಿರುವ ಗುಡಿಸಲಿನಲ್ಲಿ ಇಂದು ಬಟ್ಟಲು ಕೂಡಿಸುವವರು ಯಾರು?

ಸೂರತ್ ಕಲಿತದ್ದು ಸಂಕಟದಿಂದ. ೧೯೯೪ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡು ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಮಗ್ಗ ಮತ್ತು ವಜ್ರದ ಕೆಲಸಕ್ಕಾಗಿ ಬಂದು ಸೇರಿದ ಪರಸ್ಥಳದವರಿಗೆ ನಗರ ಉದ್ಯೋಗ ಕೊಟ್ಟಿತ್ತು, ಚರಂಡಿ ಕೊಟ್ಟಿರಲಿಲ್ಲ. ೧೯೯೫ರಲ್ಲಿ ಕಮಿಷನರಾಗಿ ಬಂದ ಎಸ್. ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿದರು. ೧೯೯೬ರಲ್ಲಿ ಇಂಟ್ಯಾಕ್ ಸಂಸ್ಥೆ ಸೂರತ್ತನ್ನು ದೇಶದ ಎರಡನೆಯ ಸ್ವಚ್ಛ ನಗರವೆಂದು ಪರಿಗಣಿಸಿತು. ಲೋಥಲನ್ನು ಅಗೆದ ಕನ್ನಡಿಗರೂ ಎಸ್. ಆರ್. ರಾವ್ ಎಂದೇ ಪ್ರಸಿದ್ಧರು. ಈ ನಾಮಸಾಮ್ಯ ಆಕಸ್ಮಿಕವಾದರೂ ಸ್ವಾರಸ್ಯಕರ: ಒಬ್ಬರು ಮಣ್ಣಿನಡಿಯ ಚರಂಡಿಯನ್ನು ಹೊರತೆಗೆದರು, ಇನ್ನೊಬ್ಬರು ಕಸದಡಿಯ ಚರಂಡಿಯನ್ನು.

ಕರ್ನಾಟಕದ ದಾರಿ ಭಿನ್ನವಾಗಿತ್ತು. ೧೯೭೦ರ ದಶಕದ ಆದಿಯಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ೧೯೭೬ರ ಐ. ಪಿ. ಡಿ. ಸಾಲಪ್ಪ ವರದಿ ಪೌರಕಾರ್ಮಿಕರ ಬದುಕನ್ನು ದಾಖಲಿಸಿತು. ೧೯೯೩ರ ಕೇಂದ್ರ ಕಾನೂನಿಗೆ ಠರಾವಿನ ಮೂಲಕ ದಾರಿ ಮಾಡಿಕೊಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಹಮದಾಬಾದಿನಲ್ಲಿ ಯಂತ್ರವಿದ್ಯೆ ಮುಂದಾಗಿ ಕಾನೂನು ಹಿಂದಾಯಿತು. ಬೆಂಗಳೂರಿನಲ್ಲಿ ಆಜ್ಞೆ ಮುಂದಾಗಿ ಬಟ್ಟಲು ಹಿಂದಾಯಿತು. ಕೋಲಾರ ಚಿನ್ನದ ಗಣಿಯ ಒಣ ಪಾಯಖಾನೆಗಳನ್ನು ಕಂಡು ಬೆಳೆದ ಬೆಜವಾಡ ವಿಲ್ಸನ್ ಹೋರಾಟಕ್ಕಿಳಿಯಬೇಕಾಯಿತು. ಅವರಿಗೆ ೨೦೧೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ೨೦೧೦ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ವಾಸಸ್ಥಳದಿಂದ ಎಬ್ಬಿಸುವುದನ್ನು ಪ್ರತಿಭಟಿಸಿ ಮೈಗೆ ಮಲ ಬಳಿದುಕೊಂಡರು. ಆಜ್ಞೆ ಹೊರಟು ಮೂರು ದಶಕಗಳು ಕಳೆದ ಮೇಲಿನ ಮಾತಿದು.

ಇಂದಿನ ಸ್ಥಿತಿ ಏನು? ೨೦೧೯ರ ಅಕ್ಟೋಬರ್ ೨ರಂದು ಸಾಬರಮತಿಯ ದಡದಲ್ಲಿಯೇ ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವಾಯಿತೆಂಬ ಘೋಷಣೆ ನಡೆಯಿತು. ಥಾನಗಢ, ಮೋರಬಿ, ಕಡಿಗಳ ಕಾರ್ಖಾನೆಗಳಿಂದ ಬಿಳಿಯ ಪಿಂಗಾಣಿ ಬಟ್ಟಲುಗಳು ದೇಶದ ಮೂಲೆಮೂಲೆಗೂ ಹೋಗುತ್ತಿವೆ. ನಗರದ ಗೃಹಸ್ಥ ಒಂದೇ ದಿನದಲ್ಲಿ ಹಳೆಯದನ್ನು ತೆಗೆಸಿ ಹೊಸದನ್ನು ಕೂಡಿಸಿಕೊಳ್ಳಬಲ್ಲ. ತಲೆಯ ಮೇಲಿನ ಬುಟ್ಟಿ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಬುಟ್ಟಿ ಹೊತ್ತವರ ಮಕ್ಕಳು ಈಗ ಆಳುಗುಂಡಿಗೆ ಇಳಿಯುತ್ತಿದ್ದಾರೆ. ೨೦೧೩ರ ಕಾನೂನು ರಕ್ಷಣೆಯಿಲ್ಲದೆ ಚರಂಡಿಗೆ ಮನುಷ್ಯನನ್ನು ಇಳಿಸುವುದನ್ನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಹೇಳಿತು, ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೇರಿಸಿತು. ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ. ಪೋಳಿನ ಓಣಿಯ ಕಂಡಿ ಮುಚ್ಚಿತು. ಅದರ ಬದಲಿಗೆ ರಸ್ತೆಯ ನಡುವೆ ಕಬ್ಬಿಣದ ಮುಚ್ಚಳವೊಂದು ಬಂದಿತು.

ಈ ಇತಿಹಾಸದ ಗುಜರಾತಿ ಭಾಗ ಒಂದಷ್ಟು ಮಟ್ಟಿಗೆ ಬರೆಯಲ್ಪಟ್ಟಿದೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಿಜಾಪುರಗಳ ಪುರಸಭೆಗಳ ದೃಷ್ಟಿಯಿಂದ ಇದನ್ನು ಕನ್ನಡದಲ್ಲಿ ಬರೆಯುವ ಕೆಲಸ ವಿಸ್ತಾರವಾಗಿ ನಡೆಯಬೇಕಾಗಿದೆ. ಆ ಊರುಗಳೂ ಅಹಮದಾಬಾದು ಸೂರತ್‌ಗಳೂ ಬಹುಕಾಲ ಒಂದೇ ಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಅವುಗಳ ದಾಖಲೆಗಳನ್ನು ಜೊತೆಯಾಗಿಟ್ಟು ಓದುವುದು ಸಾಧ್ಯ. ಗುಜರಾತಿ ಮರಾಠಿ ಕನ್ನಡಗಳನ್ನು ಬಲ್ಲ ಹೊರನಾಡ ಕನ್ನಡಿಗರಿಗೆ ಈ ಕಾರ್ಯದಲ್ಲಿ ವಿಶೇಷವಾದ ಅನುಕೂಲವಿದೆ. ಯಾವ ಊರಿನಲ್ಲಿ ಕಟ್ಟಕಡೆಯ ಡಬ್ಬಿ ಯಾವ ವರ್ಷ ನಿಂತಿತು, ಅದನ್ನು ಹೊರುತ್ತಿದ್ದ ಕುಟುಂಬ ತರುವಾಯ ಯಾವ ಕಸುಬನ್ನು ಹಿಡಿಯಿತು ಎಂಬ ಎರಡು ಪ್ರಶ್ನೆಗಳಿಂದ ಅದನ್ನು ಪ್ರಾರಂಭಿಸಬಹುದು. ಉತ್ತರ ಹೇಳಬಲ್ಲ ಹಿರಿಯರು ಆ ಕೇರಿಗಳಲ್ಲಿ ಇನ್ನೂ ಇದ್ದಾರೆ.