ಅಳತೆಗೋಲಿನ ಮುಂದೆ ಮಕ್ಕಳು

ಹಿಂದೆ ನಮ್ಮ ಕಡೆ ಹುಡುಗನನ್ನು ಶಾಲೆಗೆ ಸೇರಿಸಲು ಕರೆದೊಯ್ದರೆ ಮೇಷ್ಟ್ರು ಜನನಪತ್ರವನ್ನು ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟು ಎನ್ನುತ್ತಿದ್ದರು. ಬೆರಳು ತಾಕಿದರೆ ವಯಸ್ಸಾಯಿತೆಂದು ಲೆಕ್ಕ. ತಾಕದಿದ್ದರೆ ಮುಂದಿನ ವರ್ಷ ಬಾ. ಅದನ್ನು ನೆನೆದು ನಗುವ ಹಿರಿಯರು ಈಗಲೂ ಇದ್ದಾರೆ. ಆದರೆ ಮೈಯ ಬೆಳವಣಿಗೆಯನ್ನೇ ವಯಸ್ಸಿಗೆ ಸಾಕ್ಷಿಯಾಗಿ ಹಿಡಿಯುವುದರಲ್ಲಿ ಒಂದು ತೊಡಕುಂಟು. ಹೊಟ್ಟೆತುಂಬ ಉಂಡು ಬೆಳೆದ ಐದು ವರ್ಷದವನ ಕೈ ಕಿವಿಗೆ ತಾಕೀತು. ಅರೆಹೊಟ್ಟೆಯಲ್ಲಿ ಬೆಳೆದ ಆರು ವರ್ಷದವನದು ತಾಕದೆ ಹೋದೀತು. ಇಂಥದೇ ತೊಡಕಿನಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಸಿಕ್ಕಿಬಿದ್ದಿತ್ತು.

1833ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾರ್ಖಾನೆಗಳ ಕಾನೂನೊಂದನ್ನು ಮಾಡಿತು. ರೇಷ್ಮೆಯವನ್ನು ಬಿಟ್ಟು ಉಳಿದ ಬಟ್ಟೆಯ ಗಿರಣಿಗಳಲ್ಲಿ 9 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು. 13ರೊಳಗಿನವರಿಂದ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಕೂಡದು. ಕಾನೂನೇನೋ ಆಯಿತು. ಮಗುವಿಗೆ ಒಂಬತ್ತು ತುಂಬಿದೆಯೆಂದು ಹೇಳುವವರು ಯಾರು? ಜನನಗಳನ್ನು ಸರ್ಕಾರವೇ ದಾಖಲು ಮಾಡುವ ಪದ್ಧತಿ ಆ ದೇಶದಲ್ಲಿ ಮೊದಲಾದದ್ದು 1837ರಲ್ಲಿ. ಅಲ್ಲಿಯವರೆಗೆ ತಂದೆತಾಯಿ ಹೇಳಿದ್ದೇ ವಯಸ್ಸು. ಮಗುವಿನ ಕೂಲಿಯೂ ಸೇರಿದರೆ ಮಾತ್ರ ಒಲೆ ಹೊತ್ತುವ ಮನೆಯಲ್ಲಿ ಏಳು ವರ್ಷದ ಮಗು ಒಂಬತ್ತರದಾಗುವುದು ಕಷ್ಟವೇನಲ್ಲ. ಆದ್ದರಿಂದ ವೈದ್ಯನೊಬ್ಬನು ಮಗುವನ್ನು ನೋಡಿ, ಒಂಬತ್ತು ವರ್ಷದ ಸಾಧಾರಣ ಮಗುವಿಗಿರುವಷ್ಟು ಶಕ್ತಿಯೂ ಆಕಾರವೂ ಇದಕ್ಕುಂಟೆಂದು ಪತ್ರ ಬರೆದುಕೊಡಬೇಕೆಂದಾಯಿತು.

ಸಾಧಾರಣ ಮಗುವೆಂದರೆ ಯಾವ ಮಗು? ಕಾರ್ಖಾನೆಗಳ ತನಿಖಾಧಿಕಾರಿಯಾಗಿದ್ದ ಲಿಯೊನಾರ್ಡ್ ಹಾರ್ನರ್ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳ ಎತ್ತರವನ್ನು ಅಳೆಯಿಸಿ, ಇಷ್ಟು ಎತ್ತರಕ್ಕೆ ಇಷ್ಟು ವಯಸ್ಸು ಎಂಬ ಲೆಕ್ಕ ಹಾಕಹೊರಟನು. ಅದೇ 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು ಸಾವಿರಕ್ಕೂ ಮಿಕ್ಕ ಮಕ್ಕಳ ಬಾಯಿ ನೋಡಿ, ಎತ್ತರವನ್ನು ನಂಬಬೇಡಿ, ಹಲ್ಲುಗಳನ್ನು ಎಣಿಸಿರಿ ಎಂದು ವಾದಿಸಿದನು. ದಂತವೈದ್ಯನ ಮಾತಿನಲ್ಲಿ ಹುರುಳಿತ್ತು. ಹಲ್ಲು ಹುಟ್ಟುವ ಕ್ರಮ ಹಸಿವಿಗೆ ಎತ್ತರದಷ್ಟು ಮಣಿಯುವುದಿಲ್ಲ. ವರಮಾನ ಕುಗ್ಗಿದ ಸಂಸಾರಿ ಮೊದಲು ಮನೆ ಕಟ್ಟಿಸುವ ಕೆಲಸವನ್ನು ನಿಲ್ಲಿಸುವಂತೆ, ಅನ್ನ ಸಾಲದಾದಾಗಲೂ ಜ್ವರ ಭೇದಿಗಳು ಮೇಲಿಂದ ಮೇಲೆ ಬಂದಾಗಲೂ ದೇಹ ಉಸಿರನ್ನು ಉಳಿಸಿಕೊಂಡು ಮೂಳೆಯ ಬೆಳವಣಿಗೆಯನ್ನು ಮುಂದಕ್ಕೆ ಹಾಕುತ್ತದೆ. ಆ ಕಾಲದ ಅಳತೆಗಳಲ್ಲಿ ಗಿರಣಿಯ ಊರುಗಳ 18 ವರ್ಷದ ಹುಡುಗನ ಸರಾಸರಿ ಎತ್ತರ ಸುಮಾರು 5 ಅಡಿ 3 ಅಂಗುಲ.

ಇದು ಆ ಜನದ ರಕ್ತದ ಗುಣವಿರಬಹುದಲ್ಲ ಎಂದು ವಾಚಕರು ಕೇಳಬಹುದು. ತಂದೆತಾಯಿಯರ ಎತ್ತರ ಮಕ್ಕಳಿಗೆ ಬರುವುದು ನಿಜವೇ. ಆದರೆ ಬರಬೇಕಾದಷ್ಟೂ ಬಂದೀತೆಂಬ ಭರವಸೆಯಿಲ್ಲ. ಲಂಡನ್ನಿನಲ್ಲಿ 1756ರಲ್ಲಿ ಹುಟ್ಟಿದ ಮೆರೀನ್ ಸೊಸೈಟಿ ಬಡ ಹುಡುಗರನ್ನು ಕೂಡಿಸಿ ನೌಕಾಪಡೆಗೆ ಕಳುಹಿಸುತ್ತಿತ್ತು; ಒಬ್ಬೊಬ್ಬನ ಎತ್ತರವನ್ನೂ ಪುಸ್ತಕದಲ್ಲಿ ಬರೆದಿಡುತ್ತಿತ್ತು. ಸಿರಿವಂತರ ಮಕ್ಕಳು ಸೇರುತ್ತಿದ್ದ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿಯೂ ಅಂಥ ಪುಸ್ತಕಗಳಿದ್ದವು. ಚರಿತ್ರಕಾರ ರಾಡರಿಕ್ ಫ್ಲೌಡ್ ಮತ್ತು ಅವರ ಜೊತೆಗಾರರು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇವನ್ನು ಒಟ್ಟಿಗೆ ಬಿಚ್ಚಿ ನೋಡಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಬಡವರ ಹುಡುಗನು ಸಿರಿವಂತರ ಹುಡುಗನಿಗಿಂತ ಸುಮಾರು ಅರ್ಧ ಅಡಿ ಕುಳ್ಳಗಿದ್ದನು. ಒಂದೇ ದೇಶ, ಒಂದೇ ಭಾಷೆ! ಫ್ರಾನ್ಸಿನ ವೈದ್ಯ ವಿಲ್ಲರ್ಮೆ 1829ರಷ್ಟು ಹಿಂದೆಯೇ, ಸೈನ್ಯಕ್ಕೆ ಕರೆಬಂದ ತರುಣರ ಅಳತೆಗಳನ್ನು ಮುಂದಿಟ್ಟುಕೊಂಡು, ಎತ್ತರ ಬೆಳೆಯುವುದು ನಾಡಿನ ಸೌಖ್ಯದೊಡನೆ ಎಂದು ವಾದಿಸಿದ್ದನು.

ಹಾಗಾದರೆ ಅನ್ನ ಹಾಕಿದರೆ ತೀರಿತೆ? ಬಹುಮಟ್ಟಿಗೆ ಹೌದೆಂದೇ ಇಪ್ಪತ್ತನೆಯ ಶತಮಾನದ ಪ್ರಯೋಗಗಳು ಹೇಳಿದವು. 1922ರಿಂದ 1925ರವರೆಗೆ ಕಾರಿ ಮಾನ್ ಎಂಬ ವೈದ್ಯರು ಲಂಡನ್ನಿನ ಬಳಿಯ ಬಾಲಕಾಶ್ರಮವೊಂದರಲ್ಲಿ, ಸಾಕಷ್ಟಿದೆಯೆಂದು ಎಲ್ಲರೂ ನಂಬಿದ್ದ ಊಟದ ಮೇಲೆ ಕೆಲವು ಹುಡುಗರಿಗೆ ದಿನಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಹಾಲು ಕೊಡಿಸಿದರು. ಬರಿಯ ಊಟದ ಹುಡುಗರು ವರ್ಷಕ್ಕೆ 1.84 ಅಂಗುಲ ಬೆಳೆದರೆ ಹಾಲು ಕುಡಿದವರು 2.63 ಅಂಗುಲ ಬೆಳೆದರು. 2013ರಲ್ಲಿ ನಮ್ಮ ರಾಜ್ಯ ಶಾಲೆಯ ಮಕ್ಕಳಿಗೆ ಹಾಲು ಕೊಡಲಾರಂಭಿಸಿದ ಕ್ಷೀರಭಾಗ್ಯದ ಹಿಂದೆಯೂ ಇದೇ ತಿಳಿವಳಿಕೆಯಿದೆ. ಅದರ ಅಗತ್ಯವೂ ಇದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವು.

ಆದರೆ ಅನ್ನದ ಲೆಕ್ಕ ತಪ್ಪಿದ ಒಂದು ಪ್ರಸಂಗವೂ ಉಂಟು. ಎರಡನೆಯ ಮಹಾಯುದ್ಧ ಮುಗಿದು ಜರ್ಮನಿ ಪಡಿತರದ ಮೇಲೆ ಬದುಕುತ್ತಿದ್ದ 1948ರ ಸುಮಾರಿನಲ್ಲಿ ಇಂಗ್ಲೆಂಡಿನ ಆಹಾರವಿಜ್ಞಾನಿ ಎಲ್ಸಿ ವಿಡೋಸನ್ ಅಲ್ಲಿನ ಎರಡು ಅನಾಥಾಲಯಗಳನ್ನು ಆರಿಸಿಕೊಂಡರು. ಒಂದೊಂದರಲ್ಲಿ ಸುಮಾರು 50 ಮಕ್ಕಳು. ಎರಡು ವಾರಕ್ಕೊಮ್ಮೆ ತೂಕ ನೋಡುವುದು. ಮೊದಲ ಆರು ತಿಂಗಳು ಎರಡೂ ಕಡೆ ಅದೇ ಪಡಿತರ. ಆಮೇಲಿನ ಆರು ತಿಂಗಳು ಒಂದು ಕಡೆ ಮಾತ್ರ ಬೇಕಾದಷ್ಟು ಬ್ರೆಡ್ಡು, ಜಾಮು, ಕಿತ್ತಳೆ ರಸ. ಹೆಚ್ಚು ತಿಂದವರು ಹೆಚ್ಚು ಬೆಳೆಯಬೇಕಲ್ಲವೆ? ಬೆಳೆಯಲಿಲ್ಲ. ಪಡಿತರದಲ್ಲೇ ಉಳಿದವರು ಅವರನ್ನು ಹಿಂದೆ ಹಾಕಿದರು.

ವಿಚಾರಿಸಿದಾಗ ಕಾರಣ ತಿಳಿಯಿತು. ಒಂದು ಮನೆಯ ಮೇಲ್ವಿಚಾರಕಿ ನಗುಮುಖದವಳು, ಮಕ್ಕಳನ್ನು ಕಂಡರೆ ಅಕ್ಕರೆ. ಇನ್ನೊಂದು ಮನೆಯವಳು ಬಿಗಿ. ಊಟದ ಹೊತ್ತನ್ನೇ ಆರಿಸಿ, ಎಲ್ಲರೆದುರಿಗೆ ಒಂದೊಂದು ಮಗುವನ್ನೂ ಬೈಯುತ್ತಿದ್ದಳು. ಬೈಗುಳ ಮುಗಿಯುವಷ್ಟರಲ್ಲಿ ತಟ್ಟೆಯ ಅನ್ನ ಆರಿಹೋಗಿರುತ್ತಿತ್ತು, ಮಗು ಅಳುತ್ತಿರುತ್ತಿತ್ತು. ಹೆಚ್ಚಿನ ಆಹಾರ ಮೊದಲಾದ ಹೊತ್ತಿಗೆ ಸರಿಯಾಗಿ, ಅದು ಸಲ್ಲುವ ಮನೆಯಲ್ಲಿದ್ದ ಅಕ್ಕರೆಯವಳು ಕೆಲಸ ಬಿಟ್ಟು ಹೋಗಿ, ಅವಳ ಜಾಗಕ್ಕೆ ಈ ಬಿಗಿಯವಳು ವರ್ಗವಾಗಿ ಬಂದಿದ್ದಳು! 1951ರಲ್ಲಿ ವಿಡೋಸನ್ ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ 1967ರಲ್ಲಿ ಅಮೆರಿಕದ ವೈದ್ಯರು, ಕಲಹದ ಮನೆಗಳಲ್ಲಿ ಬೆಳವಣಿಗೆ ನಿಂತಿದ್ದ ಕೆಲವು ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಇಳಿದಿರುವುದನ್ನೂ, ಮನೆಯಿಂದ ಬೇರೆಡೆಗೆ ತಂದೊಡನೆ ಅವು ಮತ್ತೆ ಬೆಳೆಯತೊಡಗಿದ್ದನ್ನೂ ವರದಿ ಮಾಡಿದರು.

ವಿಡೋಸನ್ನರ ಲೆಕ್ಕದಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ. ಆ ಬಿಗಿಯ ಹೆಂಗಸಿಗೂ ಮೆಚ್ಚಿನ ಎಂಟು ಮಕ್ಕಳಿದ್ದರು. ವರ್ಗವಾದಾಗ ಅವರನ್ನೂ ಜೊತೆಗೇ ಕರೆತಂದಿದ್ದಳು. ಆ ಎಂಟು ಮಂದಿ ಮಾತ್ರ ಅವಳ ಕೈಕೆಳಗಿನ ಉಳಿದೆಲ್ಲ ಮಕ್ಕಳಿಗಿಂತ ಚೆನ್ನಾಗಿ ಮೈತುಂಬಿಕೊಂಡರು.