ಸಂಜ್ಞಾವಿವೇಕ

ಶಾಸ್ತ್ರವನ್ನು ರಚಿಸುವವನಿಗೆ ಮೊತ್ತಮೊದಲು ಒದಗುವ ಕಾರ್ಯವು ಹೆಸರಿಡುವುದು. ಪಾಣಿನಿಯು ಸುಮಾರು 4,000 ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಇದನ್ನು ಎರಡು ಬಗೆಯಾಗಿ ನೆರವೇರಿಸಿದನು. ಟಿ, ಘು, ಭ ಎಂಬಿವು ಕಿರುಸಂಜ್ಞೆಗಳು. ಸರ್ವನಾಮ, ಅವ್ಯಯ ಎಂಬಿವು ತಮ್ಮ ಅರ್ಥವನ್ನು ತಾವೇ ಸಾರುವ ಅನ್ವರ್ಥಸಂಜ್ಞೆಗಳು. ಶಾಸ್ತ್ರವನ್ನು ಕಂಠಪಾಠದಿಂದ ಉಳಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಲಾಘವವು ದೊಡ್ಡ ಗುಣವೇ ಆಗಿದ್ದಿತು. ಆದರೆ ಘು ಎಂದರೆ ದಾ, ಧಾ ರೂಪದ ಧಾತುಗಳೆಂಬುದನ್ನು ಗುರುಮುಖದಿಂದಲ್ಲದೆ ಅರಿಯಲಾಗದು. ಸರ್ವನಾಮವೆಂದೊಡನೆ ಬಾಲಕನಿಗೂ ಅರ್ಧ ಅರ್ಥವು ಹೊಳೆಯುವುದು.

ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಇನ್ನೊಂದು ಎಚ್ಚರವನ್ನು ತೋರಿದನು. ಸಂಸ್ಕೃತದ ಲಕಾರದಿಂದ ಬಂದ ಳಕಾರಕ್ಕೆ ಕ್ಷಳವೆಂದೂ, ಕನ್ನಡದ ಸಹಜ ಳಕಾರಕ್ಕೆ ಕುಳವೆಂದೂ, ಈಗ ಬಳಕೆ ತಪ್ಪಿರುವ ೞಕಾರಕ್ಕೆ ರಳವೆಂದೂ ಬೇರೆ ಬೇರೆ ಹೆಸರುಗಳು ಆ ಗ್ರಂಥದಲ್ಲಿವೆ. ಹಿಂದಿನ ಅಕ್ಷರವನ್ನು ಗುರುವಾಗಿಸದ ಸಡಿಲವಾದ ಒತ್ತಿಗೆ ಶಿಥಿಲದ್ವಿತ್ವವೆಂಬ ಹೆಸರು ಎಷ್ಟು ಒಪ್ಪುವುದು! ಭೇದವಿದ್ದೆಡೆ ಹೆಸರಿನಲ್ಲಿಯೂ ಭೇದವಿರಬೇಕೆಂಬುದು ಇಲ್ಲಿಯ ಪಾಠ.

ಈ ವಿವಾದವು ಕಂಪ್ಯೂಟರಿನ ಲೋಕದಲ್ಲಿಯೂ ಮರಳಿ ಕಾಣಿಸಿಕೊಂಡಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯ ಆಜ್ಞೆಗಳು ಎರಡು ಮೂರು ಅಕ್ಷರಗಳ ಕಿರುಸಂಜ್ಞೆಗಳೇ. ನಿಧಾನವಾದ ಟೆಲಿಟೈಪ್ ಯಂತ್ರಗಳಲ್ಲಿ ಅದು ಅನುಕೂಲವಾಗಿದ್ದಿತು. ಕಡತವನ್ನು ಸೃಷ್ಟಿಸುವ ಆಜ್ಞೆಗೆ ‘ಕ್ರಿಯೇಟ್’ ಎಂಬ ಪದದ ಕೊನೆಯಕ್ಷರವನ್ನೂ ಬಿಟ್ಟು ಹೆಸರಿಟ್ಟರು. ಮತ್ತೊಮ್ಮೆ ರಚಿಸುವುದಾದರೆ ಏನನ್ನು ತಿದ್ದುವಿರೆಂದು ಕೇಳಿದಾಗ, ಆ ಅಕ್ಷರವನ್ನು ಸೇರಿಸುವೆನೆಂದು ನಿರ್ಮಾತೃವಾದ ಕೆನ್ ಥಾಂಪ್ಸನ್ನನು ನುಡಿದನಂತೆ.

ಬೆಳಗಾವಿಯ ಬಳಿಯ ಮಚ್ಛೆಯಲ್ಲಿ ಜ್ಞಾನಸಂಗಮವೆಂಬ ಆವರಣವಿದೆ; ಅದು 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿಯಿತ್ತ ಮೇಲೆ, ಸಂಜ್ಞೆಗಳ ಪ್ರಶ್ನೆಯು ಈ ಊರಿನ ಬಾಗಿಲಿಗೇ ಬಂದು ನಿಂತಂತಾಯಿತು. ಒಬ್ಬರು ಸಿದ್ಧಪಡಿಸಿಟ್ಟ ವಿಧಿಗಳನ್ನು ಇತರರು ತಮ್ಮ ಕೆಲಸಕ್ಕೆ ಬಳಸಿಕೊಳ್ಳುವ ಸಂಚಯಕ್ಕೆ ಪ್ರೋಗ್ರಾಮ್ ಲೈಬ್ರರಿಯೆಂದು ಹೆಸರು. ಬಳಸುವವನಿಗೆ ಒಳಗಿನ ಯಂತ್ರವು ಕಾಣದು. ವಿವರಣಗ್ರಂಥದ ಮಾತೇ ಅವನ ಕೈದೀಪ. ವಿಧಿಯಲ್ಲಿ ಹೆಸರಿಟ್ಟ ತೆರಪು ‘ಪ್ಯಾರಾಮೀಟರ್’, ಪ್ರಯೋಗಕಾಲದಲ್ಲಿ ಅಲ್ಲಿ ತುಂಬುವ ಬೆಲೆ ‘ಆರ್ಗ್ಯುಮೆಂಟ್’. ನಿಘಂಟನ್ನು ನಂಬಿ ಎರಡನೆಯದನ್ನು ‘ವಾದ’ವೆಂದರೆ ಓದುವವನು ತರ್ಕಶಾಸ್ತ್ರವನ್ನು ಹುಡುಕಿಯಾನು, ಎರಡಕ್ಕೂ ಒಂದೇ ಹೆಸರಿಟ್ಟರೆ ಕ್ಷಳ ಕುಳಗಳನ್ನು ಬೆರೆಸಿದಂತಾದೀತು.

ಆದುದರಿಂದ ವಸ್ತುವೊಂದಕ್ಕೆ ಹೆಸರೊಂದೇ ಇರಲಿ. ಆದಿಯಲ್ಲಿಟ್ಟ ಹೆಸರು ಅಂತ್ಯದವರೆಗೂ ನಿಲ್ಲಲಿ. ರೂಢಿಯಲ್ಲಿರುವ ಪದವು ಪರಭಾಷೆಯದಾದರೂ ತಿಳಿಯುವಂತಿದ್ದರೆ ಉಳಿಯಲಿ. ಖಾನಾಪುರದ ಕಡೆಯಿಂದ ಕನ್ನಡ ಶಾಲೆಯಲ್ಲಿ ಕಲಿತು ಬಂದ ಹುಡುಗನು ಪುಟವನ್ನು ಮಡಿಸಿಟ್ಟು ‘ಇದು ನನಗಲ್ಲ’ ಎಂದುಕೊಂಡರೆ, ತಪ್ಪು ಅವನ ಬುದ್ಧಿಯದೆನ್ನುವ ಮೊದಲು ಹೆಸರಿಟ್ಟವರು ತಮ್ಮ ಸಂಜ್ಞೆಗಳನ್ನು ಪರೀಕ್ಷಿಸಿಕೊಳ್ಳುವುದು ಯುಕ್ತ.